ಪಾತ್ರದ ನುಡಿ, ಮನೆಯ ನುಡಿ



ಕಿಲಿಮಾನಿಯ ಮನೆಗಳಲ್ಲಿ ನಮ್ಮ ಮಕ್ಕಳು ಆಡುವ ಜಪಾನೀ ವಿಡಿಯೊ ಆಟಗಳ ಮೂಲ ಭಾಷೆಯಲ್ಲಿ ಒಂದು ವಿಚಿತ್ರವುಂಟು. ವೃದ್ಧ ಪಂಡಿತನು ‘ನಾನು’ ಎನ್ನಲು ‘ವಾಶಿ’ ಎಂದು, ವಾಕ್ಯವನ್ನು ‘ಜಾ’ ಎಂದು ಮುಗಿಸುತ್ತಾನೆ. ಇಂದಿನ ಜಪಾನೀ ಪ್ರಾಧ್ಯಾಪಕರು ಹಾಗೆ ಮಾತನಾಡುವವರಲ್ಲ. ಆದರೂ ಕೇಳಿದೊಡನೆ ಪಾತ್ರದ ಗುರುತು ಸಿಗುತ್ತದೆ. ಭಾಷಾವಿಜ್ಞಾನಿ ಸತೋಶಿ ಕಿನ್‌ಸುಯಿ ಇದನ್ನು ‘ಯಾಕುವಾರಿಗೊ’, ಎಂದರೆ ಪಾತ್ರದ ನುಡಿ, ಎಂದು ಕರೆದು 2003ರಲ್ಲಿ ಗ್ರಂಥವನ್ನೇ ರಚಿಸಿದರು.

ನಮಗಿದು ಹೊಸತೇನಲ್ಲ. ಸಂಸ್ಕೃತ ನಾಟಕದ ವಿದೂಷಕನು ಬ್ರಾಹ್ಮಣನಾದರೂ ಆಡುವುದು ಪ್ರಾಕೃತವನ್ನೇ. ಯಕ್ಷಗಾನದ ಅರಸನದು ಗ್ರಾಂಥಿಕ ಕನ್ನಡ; ಹಾಸ್ಯಗಾರನು ಆಡುಮಾತಿಗಿಳಿದು ಆ ಬಿಗಿಯನ್ನು ಸಡಿಲಿಸುತ್ತಾನೆ. ಕೈಲಾಸಂ (1884–1946) ಇಂಗ್ಲಿಷು ಬೆರೆತ ಕನ್ನಡವನ್ನು ರಂಗಕ್ಕೆ ತಂದಾಗ ಪ್ರೇಕ್ಷಕರು ತಮ್ಮ ಮನೆಯ ಮಾತಿಗೇ ನಕ್ಕರು. ಅದು ನ್ಯಾಯವಾದ ನಗೆ.

ಚಲನಚಿತ್ರದ ನಗೆ ಬೇರೆ. ಬಹುಕಾಲ ಅಲ್ಲಿ ನಾಯಕನಿಗೆ ಮೈಸೂರು–ಬೆಂಗಳೂರಿನ ಕನ್ನಡ. ‘ಎಂತ ಮಾರಾಯ್ರೆ’ ಎಂದವನು ಹೆಚ್ಚಾಗಿ ನಗಿಸಲು ಬಂದವನು. ಕುಂದಾಪುರದಲ್ಲಿ ಬೆಳೆಯುವ ಮಗುವಿಗೆ ಇದರಿಂದ ಹಾನಿಯಿಲ್ಲ: ವೈದ್ಯರೂ ಮೇಷ್ಟ್ರೂ ಆ ನುಡಿಯಲ್ಲೇ ಗದರುವುದನ್ನು ಅದು ಕೇಳಿರುತ್ತದೆ. ನೈರೋಬಿಯ ಶೆಂಗ್ ನುಡಿಯೂ ಹಾಗೆಯೇ. ಮಟಾಟುವಿನ ನಿರ್ವಾಹಕನಷ್ಟೇ ಅಲ್ಲ, ಶಾಲೆಯ ಗೆಳೆಯರೂ ಅದನ್ನಾಡುವುದರಿಂದ ನಮ್ಮ ಮಕ್ಕಳು ಮೋಸಹೋಗುವುದಿಲ್ಲ. ಆದರೆ ಕರಾವಳಿಯ ಕನ್ನಡ ಅವರಿಗೆ ದೊರೆಯುವುದು ಎರಡೇ ಕಡೆ: ತೆರೆಯ ಮೇಲೆ, ಮತ್ತು ಅಜ್ಜಿಯ ದೂರವಾಣಿಯಲ್ಲಿ. ತೆರೆಯೆದುರು ನಕ್ಕು ರೂಢಿಯಾದ ಕಿವಿ ದೂರವಾಣಿಯಲ್ಲೂ ನಕ್ಕೀತು. ಅಜ್ಜಿ ಮಾತು ಕಡಿಮೆಮಾಡಿಯಾಳು.

‘ಉಳಿದವರು ಕಂಡಂತೆ’ (2014), ‘ಕಾಂತಾರ’ (2022) ಚಿತ್ರಗಳಲ್ಲಿ ಕರಾವಳಿಯ ಕನ್ನಡವೇ ಕೋಪಕ್ಕೂ ಪ್ರೀತಿಗೂ ದುಃಖಕ್ಕೂ ಒದಗಿದೆ. ಅವನ್ನು ಮಕ್ಕಳೊಡನೆ ನೋಡೋಣ. ಮರುದಿನವೇ ಅಜ್ಜಿಗೆ ಕರೆ ಮಾಡಿಸೋಣ.