ಥೇಮ್ಸ್ ದಂಡೆಯ ಬಸವಣ್ಣ

ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರು ಲಂಡನ್ನಿನ ಥೇಮ್ಸ್ ದಂಡೆಯಲ್ಲೂ ಇದ್ದಾರೆ, ಪುತ್ಥಳಿಯಾಗಿ. ಲ್ಯಾಂಬೆತ್‌ನಲ್ಲಿ ಮೇಯರರಾಗಿದ್ದ ಕನ್ನಡಿಗ ನೀರಜ್ ಪಾಟೀಲರ ಪ್ರಯತ್ನದ ಫಲವದು. 2015ರ ನವೆಂಬರ್ 14ರಂದು ಅನಾವರಣಗೊಂಡಿತು. ನದಿಯಾಚೆಗೆ ಬ್ರಿಟಿಷ್ ಪಾರ್ಲಿಮೆಂಟು.

ಕಲ್ಯಾಣದ ಅನುಭವಮಂಟಪವೇ ಜಗತ್ತಿನ ಮೊದಲ ಪಾರ್ಲಿಮೆಂಟೆಂದು ನಮ್ಮವರು ಅಭಿಮಾನದಿಂದ ಹೇಳುವುದುಂಟು. ನಾನು ಅಷ್ಟು ದೂರ ಹೋಗಲಾರೆ. ಅಲ್ಲಿ ಚುನಾವಣೆಯಿರಲಿಲ್ಲ, ರಾಜ್ಯಕ್ಕೆ ಕಾನೂನು ಮಾಡುವ ಅಧಿಕಾರವೂ ಇರಲಿಲ್ಲ. ಆದರೆ ಶರಣಪರಂಪರೆ ಹೇಳುವಂತೆ, ಶೂನ್ಯಪೀಠವನ್ನೇರಿದ ಅಲ್ಲಮಪ್ರಭುವಿನ ಕುಲವನ್ನು ಯಾರೂ ಕೇಳಲಿಲ್ಲ. ಲಂಡನ್ನಿನ ಲಾರ್ಡ್ಸ್ ಸಭೆಯಲ್ಲಾದರೋ ತಂದೆಯ ಪೀಠ ಮಗನಿಗೆ ಬರುತ್ತಿತ್ತು. 1999ರ ಕಾಯಿದೆ ಅಂಥ ನೂರಾರು ಮಂದಿಯನ್ನು ಹೊರಗೆ ಕಳಿಸಿಯೂ 92 ಪೀಠಗಳನ್ನು ಉಳಿಸಿತು. ಪುತ್ಥಳಿಯ ಅನಾವರಣದ ದಿನವೂ ಆ ಪೀಠಗಳು ಅಲ್ಲಿದ್ದವು.