ಗೌರ್ಮೆಂಟಿನ ಮೂಲ ಹಡಗಿನಲ್ಲಿ

ಪ್ರಾಚೀನ ಗ್ರೀಕರ ಹಡಗಿಗೆ ಚುಕ್ಕಾಣಿಯೆಂದರೆ ಹಿಂಭಾಗದ ಎರಡೂ ಪಕ್ಕದಲ್ಲಿ ನೀರಿಗೆ ಇಳಿಬಿಟ್ಟ ಅಗಲವಾದ ಹುಟ್ಟುಗಳು. ಅವನ್ನು ಹಿಡಿದು ದಿಕ್ಕು ತಿರುಗಿಸುವವನು ಕುಬೆರ್ನೆಟೆಸ್. ಅವನು ಮಾಡುವ ಕೆಲಸ ಕುಬೆರ್ನಾನ್. ಇಂಗ್ಲಿಷಿನ ಗವರ್ನಮೆಂಟ್ ಹುಟ್ಟಿದ್ದು ಈ ಮಾತಿನಿಂದ.

ರಾಜ್ಯವನ್ನು ಹಡಗಿಗೆ ಹೋಲಿಸಿದವರಲ್ಲಿ ಪ್ಲೇಟೋನ ಹೆಸರು ದೊಡ್ಡದು. ‘ರಿಪಬ್ಲಿಕ್’ ಕೃತಿಯ ಆರನೆಯ ಭಾಗದಲ್ಲಿ ಅವನು ಕಾಣಿಸುವ ಹಡಗಿನ ಮಾಲೀಕ ಎತ್ತರದ ಆಳು, ಬಲಶಾಲಿ. ಆದರೆ ಕಿವಿ ಮಂದ, ಕಣ್ಣು ಮಂದ, ಕಡಲಿನ ತಿಳಿವಳಿಕೆಯೂ ಅಷ್ಟಕ್ಕಷ್ಟೆ. ಚುಕ್ಕಾಣಿ ತನಗೇ ಕೊಡು ಎಂದು ನಾವಿಕರೆಲ್ಲ ಅವನನ್ನು ಮುತ್ತಿಕೊಂಡು ಪೀಡಿಸುತ್ತಾರೆ. ಆ ವಿದ್ಯೆ ಕಲಿತವನು ಅವರಲ್ಲಿ ಒಬ್ಬನೂ ಇಲ್ಲ. ಕೊನೆಗೆ ಮಾಲೀಕನಿಗೆ ಮತ್ತು ಬರಿಸಿ, ಹಡಗನ್ನು ವಶಮಾಡಿಕೊಂಡು, ದಾಸ್ತಾನಿನಲ್ಲಿದ್ದುದನ್ನೆಲ್ಲ ತಿಂದು ಕುಡಿಯುತ್ತ ಸಾಗುತ್ತಾರೆ. ಋತು, ಗಾಳಿ, ನಕ್ಷತ್ರ ಬಲ್ಲವನು ಅವರ ಪಾಲಿಗೆ ಆಕಾಶ ನೋಡುವ ಹರಟೆಮಲ್ಲ.

ಆ ಮಾಲೀಕ ಅಥೆನ್ಸಿನ ಜನಸಮೂಹ. ಕ್ರಿ.ಪೂ. 399ರಲ್ಲಿ ಗುರು ಸಾಕ್ರೆಟಿಸನಿಗೆ ಮರಣದಂಡನೆ ವಿಧಿಸಿದ ಊರಿನ ಮೇಲಿನ ನೋವು ಈ ಚಿತ್ರದಲ್ಲಿ ಎದ್ದು ಕಾಣುತ್ತದೆ. ಆದರೂ ಪ್ಲೇಟೋ ಒಂದನ್ನು ಕೈಬಿಟ್ಟ: ಯಾವ ಬಂದರಿಗೆ ಹೋಗಬೇಕೆಂದು ಹೇಳಲು ಹಡಗಿನಲ್ಲಿ ಕೂತವರಿಗೆ ನಕ್ಷತ್ರವಿದ್ಯೆ ಬೇಕಿಲ್ಲ.

ರೋಮನ್ನರ ಬಾಯಲ್ಲಿ ಕುಬೆರ್ನಾನ್ ಪದದ ‘ಕ’ಕಾರ ‘ಗ’ಕಾರವಾಗಿ ಗುಬೆರ್ನಾರೆ ಆಯಿತು. ಫ್ರೆಂಚರಲ್ಲಿ ‘ಬ’ ಹೋಗಿ ‘ವ’ ಬಂತು, ಅಲ್ಲಿಂದ ಇಂಗ್ಲಿಷಿಗೆ. ಆದರೆ ಅಮೆರಿಕದಲ್ಲಿ ರಾಜ್ಯಗಳ ಗವರ್ನರ್ ಚುನಾವಣೆಯನ್ನು ಇಂದಿಗೂ ‘ಗುಬರ್ನಟೋರಿಯಲ್’ ಎನ್ನುತ್ತಾರೆ, ಲ್ಯಾಟಿನ್ನಿನ ‘ಬ’ ಹಾಗೇ ಉಳಿದಿದೆ. ಭಾರತದಲ್ಲಿ 1773ರ ರೆಗ್ಯುಲೇಟಿಂಗ್ ಕಾಯ್ದೆ ಬಂಗಾಳಕ್ಕೆ ಗವರ್ನರ್ ಜನರಲ್ ಹುದ್ದೆ ತಂದಿತು. ಕನ್ನಡಿಗರ ಬಾಯಲ್ಲಿ ಅದೇ ಪದದ ಸಂತಾನ ‘ಗೌರ್ಮೆಂಟ್ ಕೆಲಸ’ವಾಗಿ ನೆಲೆಯೂರಿತು. ಹೊಸ ಮುಖ್ಯಮಂತ್ರಿ ಬಂದಾಗ ಕನ್ನಡ ಪತ್ರಿಕೆಗಳೂ ‘ಆಡಳಿತದ ಚುಕ್ಕಾಣಿ’ ಎಂದೇ ಬರೆಯುತ್ತವೆ.

ಪದ ಯಂತ್ರಕ್ಕೂ ಹತ್ತಿತು. 1788ರಲ್ಲಿ ಜೇಮ್ಸ್ ವಾಟ್ ಉಗಿಯಂತ್ರಕ್ಕೆ ಅಳವಡಿಸಿದ ಗವರ್ನರ್‌ನಲ್ಲಿ ಸುತ್ತುವ ಎರಡು ಗುಂಡುಗಳಿದ್ದವು. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಹಾರಿ ಉಗಿಯ ದಾರಿಯನ್ನು ಕಿರಿದು ಮಾಡುತ್ತವೆ; ತಗ್ಗಿದರೆ ಒಳಕ್ಕೆ ಇಳಿದು ದಾರಿ ಬಿಡುತ್ತವೆ. 1868ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಇಂಥ ಗವರ್ನರ್‌ಗಳ ಗಣಿತ ಬರೆದ. 1948ರಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್ ನಿಯಂತ್ರಣದ ಹೊಸ ಶಾಸ್ತ್ರಕ್ಕೆ ನೇರ ಗ್ರೀಕಿನಿಂದಲೇ ‘ಸೈಬರ್ನೆಟಿಕ್ಸ್’ ಎಂದು ಹೆಸರಿಟ್ಟ. 1982ರಲ್ಲಿ ಕಥೆಗಾರ ವಿಲಿಯಂ ಗಿಬ್ಸನ್ ಅದರ ಮೊದಲ ತುಂಡು ತೆಗೆದು ‘ಸೈಬರ್‌ಸ್ಪೇಸ್’ ಎಂದ.

ಇಂದು ಆನ್‌ಲೈನ್ ಮೋಸಕ್ಕೆ ಸಿಕ್ಕವರು 1930 ಸಹಾಯವಾಣಿಗೆ ಕರೆಮಾಡಿ ಸೈಬರ್ ಅಪರಾಧದ ದೂರನ್ನು ಗೌರ್ಮೆಂಟಿಗೆ ಮುಟ್ಟಿಸುತ್ತಾರೆ. ಎರಡೂ ಪದಗಳ ಬೇರು ಒಂದೇ.