ತಡಿಯೋ!



ಕಳೆದ ಬೇಸಿಗೆ ರಜೆಯಲ್ಲಿ ಅಪ್ಪ ಮತ್ತು ನಾನು ನಮ್ಮ ಹಳೆಯ ಕಾರಿನ ಎಂಜಿನ್ನನ್ನೂ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ನನ್ನೂ ಮನೆಯ ಗ್ಯಾರೇಜಿನಲ್ಲೇ ಒಟ್ಟಿಗೆ ಹೊರತೆಗೆದೆವು. ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿದೆವು. ಆಮೇಲೆ ಕೂಲೆಂಟ್, ಆಯಿಲ್ ಎಲ್ಲ ಬಸಿದೆವು. ಬಿಚ್ಚಿದ ಪ್ರತಿ ವೈರಿಗೂ ನಾನು ಟೇಪ್ ಅಂಟಿಸಿ ನಂಬರ್ ಬರೆದೆ.

ಆದರೆ ಎಂಜಿನ್ನಿನ ಅರ್ಥ್ ವೈರ್ ಬಿಚ್ಚದೆಯೇ ಪಟ್ಟಿಯಲ್ಲಿ ಟಿಕ್ ಹಾಕಿದ್ದೆ. ಎಂಜಿನ್ ಸರಪಳಿಯಲ್ಲಿ ಮೇಲೇಳುತ್ತಿದ್ದಾಗ ಅಪ್ಪ "ತಡಿಯೋ!" ಎಂದು ಕೂಗಿದರು. ಕ್ರೇನಿನ ಹಿಡಿ ಒತ್ತುತ್ತಿದ್ದ ನನ್ನ ಕೈ ತಾನಾಗಿ ನಿಂತಿತು. ವೈರ್ ಬಿಗಿದು ನಿಂತಿತ್ತು. ಅಪ್ಪನ ಕೈ ಅದರ ಪಕ್ಕದಲ್ಲೇ ಇತ್ತು.

ಅಪ್ಪ ಬೈಯಲಿಲ್ಲ. ನೆಲದ ಮೇಲೆ ಕೂತು, ಚಿಕ್ಕಂದಿನಲ್ಲಿ ದಾವಣಗೆರೆಯಲ್ಲಿ ತಾತನ ಲೂನಾ ಬಿಚ್ಚಿ, ಮತ್ತೆ ಜೋಡಿಸಲಾಗದೆ ಅತ್ತ ಕಥೆ ಹೇಳಿದರು. ನನ್ನ ಜೊತೆ ಅಷ್ಟು ಹೊತ್ತು ಅವರು ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು.

"ತಡಿಯೋ" ನಾನು ಮನೆಯಲ್ಲೇ ಕಲಿತ ಮಾತು. ಆದರೆ ಆ ಕಥೆ ಪೂರ್ತಿ ಅರ್ಥವಾದದ್ದು ಈ ಶಾಲೆಯಿಂದ.

ಕಾರು ಈಗ ಓಡುತ್ತಿದೆ. ಇವತ್ತು ಅದರಲ್ಲೇ ಬಂದಿದ್ದೇವೆ. ಎಂಟನೇ ತರಗತಿಯಲ್ಲಿ ನಾನು ಕನ್ನಡ ಶಾಲೆ ಬಿಡುತ್ತೇನೆಂದು ಹಟ ಮಾಡಿದಾಗ ಒಪ್ಪದ ಅಮ್ಮನಿಗೂ, ನನ್ನ ಒತ್ತಕ್ಷರಗಳನ್ನು ತಿದ್ದಿದ ಎಲ್ಲ ಟೀಚರ್‌ಗಳಿಗೂ ಧನ್ಯವಾದಗಳು.